ಬೆರಳಲ್ಲಿ ಉಳಿದ ಕಾಡಿಗೆ

ರಾಜಾಜಿನಗರ
೧೨-೧೧-೧೯೫೬

ನನ್ನ ಮುದ್ದಿನ ತಂಗಿ ಜಯದೇವಿಗೆ, ದಾವಣಗೆರೆಯ ನಿಮ್ಮೆಲ್ಲರನ್ನೂ ನೆನೆಯುತ್ತಾ ಅಕ್ಕನ ಹಾರೈಕೆಗಳು.

ಕುದುರೆ ಶಿಲ್ಪಗಳ ಚಿತ್ರ ಬರೆಯಲು ಬರುತ್ತೇನೆ, ಯಾವುದನ್ನು ನೋಡಲಿ ಎಂದು ಕೇಳಿದ್ದೀಯ. ನಾಯಂಡಹಳ್ಳಿಯ ಮುನೇಶ್ವರನ ತೋಪಿಗೆ ಹೋಗು. ಹುಣಸೆ ಮರಗಳ ಕೆಳಗೆ ಹರಕೆಯ ಮಣ್ಣಿನ ಕುದುರೆಗಳು ಸಾಲಾಗಿ ನಿಂತಿವೆ. ಆಳೆತ್ತರದ ಒಂದರ ಕೊರಳಲ್ಲಿ ಮಣ್ಣಿನದೇ ಗೆಜ್ಜೆಸರ. ಕಿವಿ ಮುರಿದ ಇನ್ನೊಂದು ನಕ್ಕಂತೆ ಕಾಣುತ್ತದೆ. ನಿನಗಂತೂ ಹಬ್ಬ. ಆದರೆ ಸದ್ಯಕ್ಕೆ ನಮ್ಮ ಮನೆಗೆ ಬರಬೇಡ. ಮುನಿಸಿಕೊಳ್ಳಬೇಡ ಕಣೇ, ಪೂರ್ತಿ ಓದು.

ನಿನ್ನ ಭಾವನ ಹುಚ್ಚು ನಿನಗೆ ಗೊತ್ತಲ್ಲ, ಚೆಂದದ್ದು ಕಂಡರೆ ಬಿಡುವವರಲ್ಲ. ಕುಂಬಾರ ಬೈರಯ್ಯನನ್ನು ಕಾಡಿ ಬೇಡಿ ಮೊಣಕಾಲೆತ್ತರದ ಕುದುರೆಯೊಂದನ್ನು ತಂದು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಇಟ್ಟರು. ಅದಕ್ಕೆ ಕಣ್ಣಿರಲಿಲ್ಲ. ಇಲ್ಲಿಯವರು ಕುದುರೆಯನ್ನು ಊರ ಗಡಿಯಲ್ಲಿ ನಿಲ್ಲಿಸಿದ ಮೇಲೆಯೇ ಕಣ್ಣು ಬರೆಯುತ್ತಾರಂತೆ. ಹೊರಗಿನಿಂದ ಬಂದ ನನಗೇನು ಗೊತ್ತು? ಭಾವ ಮೈಸೂರಿಗೆ ಹೋಗಿದ್ದ ದಿನ ಮಗುವಿಗೆ ಕಾಡಿಗೆ ಹಚ್ಚುತ್ತಿದ್ದೆ. ಪಾಪ, ಕುರುಡಾಗಿ ನಿಂತಿದೆಯಲ್ಲ ಎನಿಸಿ, ಬೆರಳಲ್ಲಿ ಉಳಿದಿದ್ದ ಕಾಡಿಗೆಯಲ್ಲೇ ಅದಕ್ಕೂ ಎರಡು ಕಣ್ಣು ಬರೆದೆ.

ಮರುದಿನ ಹಾಲಿನ ಅಕ್ಕಯ್ಯಮ್ಮ ಹೊಸ್ತಿಲಲ್ಲೇ ಬೆವರಿ ಚೊಂಬು ಕೆಳಗಿಟ್ಟಳು. "ಅಯ್ಯೋ ತಾಯಿ, ಎಂಥ ಕೆಲ್ಸ ಮಾಡ್ಬಿಟ್ರಿ! ಕಣ್ ಬರ್ದ ಜಾಗಾನೇ ಅದಕ್ಕೆ ಗಡಿ. ಕಣ್ ಬಿಟ್ಟು ಮೊದ್ಲು ಕಂಡೋರ್ನ ಕಾಯ್ತದೆ, ಮಿಕ್ಕೋರ್ನ ಒಳಗೆ ಬಿಡಾಕಿಲ್ಲ. ಒರ್ಸಿ ನೂರ್ ಸಲ ಬರ್ದ್ರೂ ಮೊದ್ಲು ಕಂಡೋರ್ನ ಮರಿಯಾಕಿಲ್ಲ" ಎಂದಳು. ನಾನು ನಕ್ಕುಬಿಟ್ಟೆ.

ಸಂಜೆ ಭಾವ ಬಂದರು. ಹೊಸ್ತಿಲಿಗೆ ಕಾಲಿಟ್ಟವರೇ ಎದೆ ಹಿಡಿದುಕೊಂಡು ಹಿಂದೆ ಸರಿದರು. ಒಳಗೆ ಯಾರೋ ಅಡ್ಡ ನಿಂತಿದ್ದಾರೆ ಎಂದರು. ಅಂದಿನಿಂದ ಅವರ ಊಟ ಜಗಲಿಯಲ್ಲಿ, ನಿದ್ದೆ ಪಕ್ಕದ ಮನೆಯಲ್ಲಿ. ಕುದುರೆಯನ್ನು ಎತ್ತಲು ಹೋದರೆ ಅದು ನೆಲ ಬಿಡುವುದಿಲ್ಲ. ಮಗುವನ್ನು ಹೊರಗೆ ಒಯ್ದರೆ ಉಸಿರುಕಟ್ಟಿ ಅಳುತ್ತದೆ, ಒಳಗೆ ತಂದರೆ ಕುದುರೆಯ ಕಾಲು ತಬ್ಬಿ ನಗುತ್ತದೆ. ಭಯವಾಗುತ್ತಿದೆ ಜಯಾ. ನನ್ನ ಗಂಡ ನನ್ನ ಮನೆಯೊಳಗೆ ಬರಬೇಕು, ಅಷ್ಟೇ ನನಗೆ ಬೇಕಾದದ್ದು. ಏನಾದರಾಗಲಿ, ನಾಳೆ ಆ ಕಣ್ಣುಗಳನ್ನು ಒರೆಸಿಬಿಡುತ್ತೇನೆ. ಆಮೇಲೆ ನೀನೂ ಬರುವೆಯಂತೆ.

ನಿನ್ನ ದಾರಿ ಕಾಯುವ ಅಕ್ಕ,
ಶಿವಗಂಗಮ್ಮ

ತಾ.ಕ.: ಈ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲೇ ಒರೆಸಿದೆ. ಭಾವ ಸಲೀಸಾಗಿ ಒಳಗೆ ಬಂದು ಮಗುವನ್ನು ಎತ್ತಿಕೊಂಡರು. ಮಗು ಎದ್ದಿದೆ, ನಗುತ್ತಿದೆ. ಕಣ್ಣು ಮಾತ್ರ ತೆರೆಯುತ್ತಿಲ್ಲ. ಕಾಡಿಗೆ ಡಬ್ಬಿ ಹಿಡಿದು ಕುದುರೆಯ ಮುಂದೆ ಕೂತಿದ್ದೇನೆ. ಭಾವ ಡಬ್ಬಿಯನ್ನೂ ಕುದುರೆಯನ್ನೂ ನೋಡಿದರು. ಈಗ ಮಗುವಿಗೆ ಮುತ್ತಿಟ್ಟು ಮಲಗಿಸಿ, ಮತ್ತೆ ಪಕ್ಕದ ಮನೆಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾರೆ.