ಚಕ್ರ ತಿರುಗಿಸದ ಮೂರು ವಾರ

ಏಪ್ರಿಲ್ 6, ಸೋಮವಾರ

ಇವತ್ತೂ ಅದೇ. ಊಟದ ಮೇಜಿನ ಅರ್ಧ ನನಗೆ, ಅರ್ಧ ಅತ್ತೆಯ ತರಕಾರಿಗೆ. ಲ್ಯಾಪ್‌ಟಾಪಿನ ಪಕ್ಕದಲ್ಲೇ ಬೀನ್ಸ್ ನಾರು. ಎರಡನೇ ವಿಮಾನದ ದಾಖಲೆ ಮುಗಿಯಿತು, ನೂರಾ ಹನ್ನೆರಡು ಪುಟ. ಲಾಕ್‌ಡೌನ್ ಬಂದು ನಾಲ್ಕೂ ವಿಮಾನ ನೆಲಕ್ಕಿಳಿದು ನಿಂತು ಹದಿಮೂರು ದಿನ.

"ನಿಂತಿರೋ ವಿಮಾನಕ್ಕೆ ಇಷ್ಟೊಂದು ಕಾಗದ ಯಾಕೆ?" ಅಂದರು ಅತ್ತೆ.

"ಬಾಡಿಗೆಗೆ ಕೊಟ್ಟಿದ್ದೀವಲ್ಲ ಅತ್ತೆ. ಹಾರಿಸೋರು ಅವರು, ವಿಮಾನ ನಮ್ಮ ಕಂಪನಿದು. ಸರಿಯಾಗಿ ನೋಡ್ಕೋತಿದಾರಾ ಅಂತ ನಾನು ನೋಡ್ಬೇಕು."

"ಕೊಂಡ ದುಡ್ಡು ನಿಮ್ಮ ಕಂಪನಿದೇನಾ?"

"ಅಲ್ಲ, ಬ್ಯಾಂಕಿಂದು."

"ನಾಲ್ಕು ಎಮ್ಮೆಗೆ ಮೂರು ಜನ ಯಜಮಾನ್ರು. ಹುಲ್ಲು ಹಾಕೋನು ಯಾರು ಹಾಗಾದ್ರೆ?"

ಹುಲ್ಲು ಹಾಕುವವರು ಮೇಷ್ಟ್ರು. ಆ ವಿಮಾನ ಕಂಪನಿಯ ಮುಖ್ಯ ಮೆಕ್ಯಾನಿಕ್. ಅಲ್ಲಿಯ ಅರ್ಧ ಜನಕ್ಕೆ ಕೆಲಸ ಕಲಿಸಿದವರು, ಅದಕ್ಕೇ ಆ ಹೆಸರು. ಎರಡು ವರ್ಷದ ಹಿಂದೆ ಒಮ್ಮೆ ಮುಖ ನೋಡಿದ್ದು. ಉಳಿದದ್ದೆಲ್ಲ ಫೋನಿನಲ್ಲೇ.

ಏಪ್ರಿಲ್ 22, ಬುಧವಾರ

ಬಂತು ವಿಮಾನ ಕಂಪನಿಯ ಪತ್ರ. ಆರು ತಿಂಗಳು ಬಾಡಿಗೆ ಕೊಡಲಾಗದು, ದಯವಿಟ್ಟು ಕಾಯಿರಿ.

ಮಧ್ಯಾಹ್ನವೆಲ್ಲ ವೀಡಿಯೊ ಮೀಟಿಂಗ್. ಬಾಸ್ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಬ್ಯಾಂಕಿನ ಮೇಡಂ ಮಾತ್ರ ನೇರ: "ವಿಮಾನ ಚೆನ್ನಾಗಿದ್ರೆ ಕಾಯ್ತೀವಿ. ಇಲ್ಲಾಂದ್ರೆ ನಾಲ್ಕನ್ನೂ ವಾಪಸ್ ತಗೊಳ್ಳಿ. ನಿಮ್ಮ ತಪಾಸಣೆ ವರದಿ ಬರ್ಲಿ." ವರದಿ ಅಂದರೆ ನಾನು.

ನಾಲ್ಕನ್ನೂ ತೆಗೆದುಕೊಂಡರೆ ಅಲ್ಲಿ ಇನ್ನೂರು ಜನ ಬೀದಿಗೆ. ತಂದು ನಾವು ಮಾಡುವುದೇನು? ಈಗ ವಿಮಾನ ಕೇಳುವವರು ಯಾರು... ನಮ್ಮ ಆಫೀಸಿನಲ್ಲಿ ಇರುವುದೇ ಒಂಬತ್ತು ಮಂದಿ. ಪಕ್ಕದ ಸೀಟಿನವಳನ್ನು ಕಳೆದ ವಾರ ರಜೆ ಮೇಲೆ ಕಳಿಸಿದರು. ಮತ್ತೆ ಕರೆಯುವುದಿಲ್ಲವಂತೆ.

ನಮ್ಮ ಮನೆಯವರ ಡ್ರೈವಿಂಗ್ ಸ್ಕೂಲ್ ಬಾಗಿಲು ಹಾಕಿ ತಿಂಗಳಾಯಿತು. ಮನೆಗೆ ಬರುವ ಸಂಬಳ ನನ್ನದೊಂದೇ. ಇವರು ಆ ಮಾತು ಎತ್ತುವುದಿಲ್ಲ. ದಿನಾ ಕಾರು ಒರೆಸುತ್ತಾರೆ.

ಮೇ 8, ಶುಕ್ರವಾರ

ಕಾಣಬಾರದ್ದು ಕಂಡಿತು.

ನಿಂತ ವಿಮಾನದ ಚಕ್ರಗಳನ್ನು ವಾರಕ್ಕೊಮ್ಮೆ ತಿರುಗಿಸಬೇಕು. ಇಲ್ಲವಾದರೆ ಭಾರಕ್ಕೆ ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಟೈರಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, ಪ್ರತಿ ವಾರ ಕಾಲು ಸುತ್ತು ತಿರುಗಿಸಿ, ಫೋಟೋ ಕಳಿಸುತ್ತಾರೆ. ಒಂದು, ಎರಡು ಸರಿ ಇವೆ. ಮೂರು ಮತ್ತು ನಾಲ್ಕನೇ ವಿಮಾನದ ಏಪ್ರಿಲ್ 6, 13, 20, 27ರ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. 6ರಿಂದ ಗುರುತು ಕದಲಿಲ್ಲ. ದಾಖಲೆಯಲ್ಲಿ ಆಮೇಲಿನ ಮೂರೂ ವಾರ "ತಿರುಗಿಸಲಾಗಿದೆ". ಕೆಳಗೆ ಮೇಷ್ಟ್ರ ಸಹಿ. ಮೇ 4ರ ಪುಟ ಇನ್ನೂ ಬಂದಿಲ್ಲ.

ಹತ್ತು ಸಲ ನೋಡಿದೆ. ನನ್ನ ಕಣ್ಣೇ ತಪ್ಪಿರಲಿ ಅಂತ.

ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ.

ಮೇ 9, ಶನಿವಾರ

ಬಾಸ್‌ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆ ಫೋಟೋಗಳನ್ನ ಪಕ್ಕಪಕ್ಕ ಇಟ್ಟು ನೋಡೋರು ನೀವೊಬ್ಬರೇ ಅಲ್ವಾ?"

"ಹೌದು ಸರ್."

"ಬ್ಯಾಂಕಿನವರು ನೋಡಲ್ಲ."

"ವರದಿ ಕೆಳಗೆ ಸಹಿ ಯಾರ್ದು ಸರ್?"

"ನಿಮ್ದೇ." ಫೋನ್ ಇಡುವ ಮುಂಚೆ ಇನ್ನೊಂದು ಮಾತು: "ಯೋಚ್ನೆ ಮಾಡಿ. ನಾನೇನೂ ಹೇಳಿಲ್ಲ."

ಹೌದು. ಅವರೇನೂ ಹೇಳಿಲ್ಲ.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. "ಮೂರು ಮತ್ತು ನಾಲ್ಕರ ಟೈರಿನ ಬಗ್ಗೆ ಕೇಳ್ಬೇಕಿತ್ತು" ಅಂದದ್ದಷ್ಟೇ.

"ನೀವೇ ಬಂದು ನೋಡಿ ಮೇಡಂ" ಅಂದರು.

ಇವರಿಗೆ ಹೇಳಿದೆ. ಪಾಸ್ ಕೊಡಿಸು, ನಾನು ಕರೆದುಕೊಂಡು ಹೋಗ್ತೀನಿ ಅಂದರು. ತಿಂಗಳ ಮೇಲೆ ಇವರ ಮುಖದಲ್ಲಿ ಕಳೆ.

ಮೇ 11, ಸೋಮವಾರ. ರಾತ್ರಿ ಎಂಟು

ಮೈಕೈ ನೋವು. ನೆನಪಿರುವಾಗಲೇ ಬರೆದುಬಿಡುತ್ತೇನೆ.

ಮೂರು ಗಂಟೆಯ ದಾರಿ, ಎದುರಿಗೆ ಬಂದದ್ದು ಏಳೆಂಟು ಲಾರಿ. ಇವರನ್ನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಕಾರಿನಲ್ಲೇ ನಿದ್ದೆ ಹೊಡೆದರು.

ಮೇಷ್ಟ್ರು ಅರ್ಧ ಆಗಿದ್ದಾರೆ. ಪ್ಯಾಂಟಿಗೆ ಬೆಲ್ಟಿನ ಕೊನೆಯ ತೂತು. ಮಾಸ್ಕ್ ಮೇಲೆ ಕಣ್ಣೆರಡೇ. ರನ್‌ವೇ ಪಕ್ಕದ ಕಾಂಕ್ರೀಟಿನ ಮೇಲೆ ನಾಲ್ಕೂ ಸಾಲಾಗಿ ನಿಂತಿವೆ, ಎಂಜಿನ್ ಬಾಯಿಗೆ ಕೆಂಪು ಮುಚ್ಚಳ. ಕಾಂಕ್ರೀಟಿನ ಸಂದಿಯಲ್ಲಿ ಹುಲ್ಲು ಎದ್ದಿದೆ.

"ಏಳು ಜನ ಇದ್ವಿ," ಅಂದರು. "ಐದು ಜನಾನ ಮನೆಗೆ ಕಳಿಸಿದ್ರು. ಉಳಿದವನಿಗೆ ಜ್ವರ ಬಂತು. ಆಮೇಲೆ ನನಗೂ. ಹತ್ತಿರದ್ದೆರಡನ್ನ ಹೇಗೋ ನೋಡ್ಕೊಂಡೆ. ಆ ತುದಿದ್ದು ಆಗ್ಲಿಲ್ಲ. ಜಾಕ್ ಎಳೆಯೋಕೂ ಇಬ್ಬರು ಬೇಕು."

"ಆಗಿಲ್ಲ ಅಂತ ಬರೀಬಹುದಿತ್ತಲ್ಲ?"

"ಬರೆದ್ರೆ ನೀವು ವಿಮಾನ ತಗೊಂಡು ಹೋಗ್ತೀರಿ ಅನ್ಕೊಂಡೆ." ಕೈ ನೋಡಿಕೊಂಡರು. "ಮೂವತ್ತೊಂದು ವರ್ಷದಲ್ಲಿ ಸುಳ್ಳಿಗೆ ಸಹಿ ಹಾಕಿರ್ಲಿಲ್ಲ ತಂಗಿ. ಮೊದಲ್ನೇ ವಾರ ಕೈ ನಡುಗ್ತು. ಮೂರನೇ ವಾರ ನಡುಗ್ಲಿಲ್ಲ. ಅದೇ ಹೆದರಿಕೆ ಆಗಿದ್ದು."

ಬೈಯಲು ಬಂದಿದ್ದೆ. ಟೈರ್ ನೋಡೋಣ ನಡೀರಿ ಅಂದೆ.

ಜ್ವರ ಬಿಟ್ಟ ಸಹಾಯಕ ಬಂದಿದ್ದ. ಇಬ್ಬರೂ ಒಂದೊಂದೇ ಚಕ್ರ ಎತ್ತಿ ತಿರುಗಿಸಿದರು. ಗಾಳಿ ಅಳೆದಾಗ ನಾನು ಬರೆದುಕೊಂಡೆ, ಟಾರ್ಚ್ ಹಿಡಿದೆ. ಬಿಸಿಲಿಗೆ ಕಾಂಕ್ರೀಟು ಕಾದ ಹೆಂಚು. ನಾಲ್ಕನೇ ವಿಮಾನದ ಎರಡು ಟೈರ್ ಕೆಟ್ಟಿವೆ, ಬದಲಾಯಿಸಬೇಕು. ಉಳಿದವು ಬಚಾವು.

ಆಮೇಲೆ ದಾಖಲೆ ಪುಸ್ತಕ ತರಿಸಿದೆ. "ನೀವೇ ತಿದ್ದಿ. ಇದ್ದದ್ದು ಇದ್ದ ಹಾಗೆ ಕಳಿಸ್ತೀನಿ. ಏನಾಗುತ್ತೋ ಗೊತ್ತಿಲ್ಲ, ಮಾತು ಕೊಡಲ್ಲ."

ನಮ್ಮ ಕೆಲಸದಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಹಳೆಯ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು, ಆ ದಿನದ ತಾರೀಕು ಹಾಕಿ ಸಹಿ ಮಾಡಬೇಕು. ಎರಡು ವಿಮಾನ, ಮೂರು ವಾರ, ಆರು ಗೆರೆ. ಮೇಷ್ಟ್ರು ಸ್ಕೇಲ್ ಇಟ್ಟು ಎಳೆದರು. ಪ್ರತಿಯೊಂದರ ಪಕ್ಕ: "ಮಾಡಿಲ್ಲ."

ವಾಪಸ್ ಹೊರಟೆವು. ಅರ್ಧ ದಾರಿಯಲ್ಲಿ ನಾನೇ ಹೇಳಿದೆ. "ನಿನ್ನ ಕೆಲಸಕ್ಕೆ ಏನಾದ್ರೂ..." ಅಂದರು. ಗೊತ್ತಿಲ್ಲ ಅಂದೆ. "ಸರಿ ಬಿಡು, ನನಗೆ ಲಾರಿ ಓಡಿಸೋಕೂ ಬರುತ್ತೆ" ಅಂದರು.

ಮೇ 14, ಗುರುವಾರ

ವರದಿ ಕಳಿಸಿದೆ. ಆರು ಗೆರೆಯ ಪುಟಗಳ ಸಮೇತ. ಕೊನೆಗೆ ನನ್ನದೇ ಎರಡು ಸಾಲು: ಚಕ್ರ ತಿರುಗದ್ದು ನಿರ್ಲಕ್ಷ್ಯದಿಂದಲ್ಲ, ಕೈ ಸಾಲದೆ. ನಾಲ್ಕು ಜನರ ಸಂಬಳ ನಾವು ಕೊಟ್ಟರೆ ನಾಲ್ಕೂ ವಿಮಾನ ಉಳಿಯುತ್ತವೆ.

ಬಾಸ್ ಫೋನ್ ಮಾಡಲಿಲ್ಲ.

ಜೂನ್ 2, ಮಂಗಳವಾರ

ಹದಿನೆಂಟು ದಿನ ಏನೂ ಬರೆಯಲಿಲ್ಲ. ಬರೆಯಲು ಏನಿತ್ತು, ಕಾಯುವುದೊಂದೇ.

ಇವತ್ತು ತೀರ್ಮಾನ. ಬ್ಯಾಂಕ್ ಮೇಡಂ ನನ್ನನ್ನೇ ಲೈನಿಗೆ ಕರೆಸಿಕೊಂಡರು. "ಈ ಆರು ಗೆರೆ ಇಲ್ದೇ ಇದ್ದಿದ್ರೆ ಉಳಿದ ಪುಟಗಳನ್ನ ನಾನು ನಂಬ್ತಿರ್ಲಿಲ್ಲ. ಈಗ ನಂಬ್ತೀನಿ. ಆದ್ರೆ ನಾಲ್ಕಕ್ಕೂ ಕಾಯೋಕೆ ನನ್ನ ಮೇಲಿನವರು ಒಪ್ಪಲ್ಲ."

ಒಂದು, ಎರಡು ಅಲ್ಲೇ ಇರುತ್ತವೆ. ಬಾಡಿಗೆಗೆ ಹತ್ತು ತಿಂಗಳು ಅವಕಾಶ. ನಾಲ್ವರ ಸಂಬಳ ನಮ್ಮ ಕಂಪನಿಯದು. ಮೂರು, ನಾಲ್ಕು ವಾಪಸ್. ಸೀಟು ಕಿತ್ತು ಸರಕು ಸಾಗಿಸುವವರಿಗೆ ಕೊಡುತ್ತಾರೆ.

ಇನ್ನೂರರಲ್ಲಿ ತೊಂಬತ್ತು ಜನಕ್ಕೆ ಕೆಲಸ ಹೋಗುತ್ತದೆ. ಖುಷಿ ಪಡಲೋ ಬೇಡವೋ ತಿಳಿಯದೆ ಪಾತ್ರೆ ತೊಳೆದೆ.

ಜುಲೈ 19, ಭಾನುವಾರ

ಮೂರು ಮತ್ತು ನಾಲ್ಕು ಹಾರಿಹೋದವು. ಮೇಷ್ಟ್ರ ಸಹಿ ಮಾಡುವ ಅಧಿಕಾರವನ್ನು ಅವರ ಕಂಪನಿ ಮೂರು ತಿಂಗಳಿಗೆ ಕಿತ್ತುಕೊಂಡಿದೆ. ತಾವೇ ಕಲಿಸಿದ ಹುಡುಗಿಯ ಕೈಕೆಳಗೆ ಕೆಲಸ. ಕ್ಷಮೆ ಕೇಳೋಣ ಅಂತ ಫೋನ್ ಮಾಡಿದೆ.

"ಯಾಕೆ ಕ್ಷಮೆ? ನಿದ್ದೆ ಬರ್ತಿದೆ ತಂಗಿ" ಅಂದರು. "ಅವಳು ನನಗಿಂತ ಜೋರು. ನಿನ್ನೆ ನನ್ನನ್ನೇ ಬೈದ್ಲು. ಸರಿಯಾಗೇ ಬೈದ್ಲು."

ಬಾಸ್ ಈಗ ಮಾತಾಡುತ್ತಾರೆ. ಆ ಶನಿವಾರದ ಸುದ್ದಿ ಇಬ್ಬರೂ ಎತ್ತುವುದಿಲ್ಲ.

ಫೆಬ್ರವರಿ 14, ಭಾನುವಾರ. ಬೆಳಿಗ್ಗೆ 9.40

ಕೂತಿರುವುದು ಎರಡನೇ ವಿಮಾನದಲ್ಲಿ. ಕಿಟಕಿ ಸೀಟು ಅತ್ತೆಗೆ. ನಾದಿನಿಯ ಮನೆಗೆ ಹೊರಟಿದ್ದೇವೆ. ಹತ್ತಿರ ಹತ್ತಿರ ಹನ್ನೊಂದು ತಿಂಗಳ ಬಳಿಕ ಇದರ ಮೊದಲ ಪ್ರಯಾಣ, ಮೂರರಲ್ಲಿ ಒಂದು ಪಾಲು ಸೀಟು ಖಾಲಿ. ಇದರ ಸಾವಿರಾರು ಪುಟ ಓದಿದ್ದೇನೆ, ಒಳಗೆ ಕೂತದ್ದು ಇವತ್ತೇ. ಸೀಟಿನ ಬಟ್ಟೆ ನೀಲಿ ಅಂತ ಯಾವ ಪುಟದಲ್ಲೂ ಇರಲಿಲ್ಲ.

ಕೆಳಗೆ ಮೇಷ್ಟ್ರು ನಿಂತಿದ್ದಾರೆ. ಇವತ್ತಿನ ಸಹಿ ಅವರದೇ. ಕೈ ಬೀಸಿದೆ. ಅವರು ಕಿಟಕಿಗಳ ಕಡೆ ನೋಡಲೇ ಇಲ್ಲ. ತಲೆ ಓರೆ ಮಾಡಿ ಎಂಜಿನ್ ಸದ್ದು ಕೇಳುತ್ತಿದ್ದಾರೆ.

ಹೊರಟಿತು. ಅತ್ತೆ ಕಣ್ಣು ಮುಚ್ಚಿದ್ದಾರೆ. ಹೆದರಿಕೆ ಇಲ್ಲವಂತೆ, ಬಿಸಿಲಂತೆ. ಈಗ ನನ್ನ ಕೈ ಹಿಡಿದುಕೊಂಡರು. ಅದೂ ಪೆನ್ನು ಹಿಡಿದ ಕೈಯನ್ನೇ. ಬಿಡಿಸಿಕೊಂಡು ಬರೆಯೋಣ ಅಂದರೆ