ಮತ್ತೋಡಿನ ಹದಿನೇಳನೇ ಕಲ್ಲು

೯ ಫೆಬ್ರವರಿ ೧೯೭೬, ಸೋಮವಾರ

ಭೂವಿಜ್ಞಾನ ಆಫೀಸಿನಲ್ಲಿ ಕಲ್ಲಿನ ಮಾದರಿಗೆ ಹನ್ನೆರಡು ಚೀಲ ಹೊಲಿದೆ. ಪ್ರತಿ ಚೀಲಕ್ಕೂ ಚೀಟಿ — ಊರು, ತಾರೀಖು, ಆರಿಸಿದವರು. ಕಲ್ಲು ಆರಿಸುತ್ತಿದ್ದ ಇವರು ತೀರಿಕೊಂಡು ಮೂರು ತಿಂಗಳು. ಈಗ ಆ ಜಾಗಕ್ಕೆ ಬಂದ ಮುನಿಯಪ್ಪನ ಹೆಸರು ಬರೆಯಬೇಕು. ಕೈ ಇನ್ನೂ ಇವರ ಹೆಸರಿಗೇ ಹೋಗುತ್ತದೆ. ಗಂಡನ ಹೆಸರನ್ನು ಬಾಯಲ್ಲಿ ಎಂದೂ ಹೇಳಿದವಳಲ್ಲ. ಬರೆದದ್ದಷ್ಟೇ.

೧೨, ಗುರುವಾರ

ಲ್ಯಾಬಿನಿಂದ ರಿಪೋರ್ಟ್ ಬಂತು. ಇವರು ಮತ್ತೋಡಿನಿಂದ ತಂದ ಹದಿನೇಳು ಕಲ್ಲುಗಳಲ್ಲಿ ಕೊನೆಯದು ಉಳಿದವಕ್ಕೆ ತಾಳೆಯಾಗುತ್ತಿಲ್ಲ. ನಮ್ಮ ಜಿಯಾಲಜಿಸ್ಟ್ ಗೌಸ್ ಪೀರ್ ಸಾರ್ ನನಗೂ ತಿಳಿಯುವ ಹಾಗೆ ಹೇಳಿದರು. ಮತ್ತೋಡಿನದು ಬಹಳ ಹಳೆಯ ನೆಲ, ಕಲ್ಲಿನಲ್ಲಿ ಸೋಡಿಯಂ ಹೆಚ್ಚು. ಅಂಥ ನೆಲವೇ ಆಳದಲ್ಲಿ ಮತ್ತೆ ಕರಗಿ ಮೇಲೆ ಬಂದರೆ ಪೊಟ್ಯಾಸಿಯಂ ಹೆಚ್ಚು. ನಮ್ಮ ದುರ್ಗದ ಬೆಟ್ಟ ಆ ಜಾತಿಯದು. ಹದಿನೇಳನೆಯದರಲ್ಲಿ ಪೊಟ್ಯಾಸಿಯಂ ನೂರಕ್ಕೆ ಸುಮಾರು ಐದು.

ಇವರ ಮಾತೆತ್ತಿ ಮುನಿಯಪ್ಪ ನಕ್ಕ. "ಸಣ್ಣತಿಮ್ಮಪ್ಪಣ್ಣ ಮತ್ತೋಡಿಗೆ ಯಾಕ್ ಹೋಗ್ತಾನ್ರಿ ಸಾರ್? ಮನೆ ಹಿತ್ತಲಾಗೆ ಒಡ್ದು ಚೀಟಿ ಅಂಟ್ಸವ್ನೆ."

ಇವರು ತಂದ ಹದಿನೇಳನ್ನೂ ಲೆಕ್ಕದಿಂದ ಬಿಡುತ್ತಾರಂತೆ. ಒಂದು ಸುಳ್ಳಾದರೆ ಉಳಿದದ್ದನ್ನು ನಂಬುವುದು ಹೇಗೆ ಅಂದರು ಸಾರ್.

"ಅವ್ರು ಸುಳ್ಳು ಬರಿಯೋರಲ್ಲ ಸಾರ್." ಅಷ್ಟೇ ಅಂದೆ. ಉಳಿದದ್ದನ್ನು ಹೇಳದೆ ಚೀಲ ಹೊಲಿಯಲು ಕುಳಿತೆ.

೧೩

ಇಲ್ಲಿಯಾದರೂ ಬರೆಯುತ್ತೇನೆ. ಮತ್ತೋಡಿನಿಂದ ಜ್ವರ ಹೊತ್ತು ಬಂದರು. ಐದೇ ದಿನ, ಹೋಗಿಬಿಟ್ಟರು. ಕಲ್ಲಿನ ಚೀಲ ಮನೆಯ ಮೂಲೆಯಲ್ಲೇ ಇತ್ತು. ಹಾಲು-ತುಪ್ಪದ ದಿನ, ಮಣ್ಣು ಮಾಡಿದ ಗುದ್ದಿನ ತಲೆದಿಕ್ಕಿಗೆ ಕಲ್ಲು ಬೇಕು ಅಂದರು ಅತ್ತೆ. ಇವರ ಕೈ ಕೊನೆಗೆ ಒಡೆದ ಕಲ್ಲೇ ಇರಲಿ ಎಂದು ಹದಿನೇಳನೆಯದನ್ನು ಕೊಟ್ಟೆ. ಬದಲಿಗೆ ಬೆಟ್ಟದಿಂದ ಒಂದು ತಂದು ಚೀಲಕ್ಕೆ ಹಾಕಿದೆ. ಅದೇ ಬೂದು ಬಣ್ಣ, ಅಷ್ಟೇ ತೂಕ. ಕಲ್ಲಿಗೆ ಕಲ್ಲು ಎಂದುಕೊಂಡಿದ್ದೆ. ಯಾರ ಕಣ್ಣಿಗೂ ಬೀಳಲಿಲ್ಲ. ಕಲ್ಲೇ ಬಾಯಿ ಬಿಟ್ಟಿತು.

೨೩, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಇವತ್ತು ಸಾರ್‌ಗೆ ಹೇಳಿಬಿಟ್ಟೆ. ಕೆಲಸ ಹೋದರೆ ಹೋಗಲಿ. ರಿಪೋರ್ಟನ್ನು ಇನ್ನೊಮ್ಮೆ ತಿರುವಿದರು. ಮುನಿಯಪ್ಪನನ್ನು ಮತ್ತೋಡಿಗೆ ಕಳಿಸಿ ಬೇರೆ ತರಿಸುತ್ತೇನೆ ಅಂದರು. ಬೇಡ ಅಂದೆ. ಇವರು ಒಡೆದದ್ದೇ ಲ್ಯಾಬಿಗೆ ಹೋಗಬೇಕು.

೨೪

ಇವರ ಗುದ್ದಿರುವ ಹೊಲದ ಬದುವಿಗೆ ಸಾರ್, ಮುನಿಯಪ್ಪ ಬಂದರು. ಅತ್ತೆ ಗುದ್ದಿಗೆ ಅಡ್ಡ ಕುಳಿತರು.

"ತಲೆಗಲ್ಲು ಕಿತ್ರೆ ನನ್ ಮಗ ದಿಕ್ಕು ತಪ್ತಾನೆ ಕಣೇ."

"ಸುಳ್ಳ ಅನ್ನಿಸ್ಕಂಡು ಮಲಗಾದು ಬ್ಯಾಡ ಅತ್ತೆ. ಏಳ್ರಿ."

ಏಳಲಿಲ್ಲ. ಪಕ್ಕದಿಂದ ಕುಡುಗೋಲು ಹಾಕಿ ಮೀಟಿದೆ. ಅತ್ತೆಗೆ ಎದುರು ನಿಂತದ್ದು ಇದೇ ಮೊದಲು. ಸಾರ್ ಸುತ್ತಿಗೆಯಿಂದ ಎರಡು ಹೋಳು ಮಾಡಿ, ಎಣ್ಣೆ-ಕುಂಕುಮದ ಮೈಯನ್ನು ಪೂರಾ ಕೆತ್ತಿ, ಅರ್ಧ ತೆಗೆದುಕೊಂಡರು. ಉಳಿದರ್ಧವನ್ನು ಅತ್ತೆಯೇ ನೆಟ್ಟರು. ನನ್ನ ಕೂಡ ಮಾತಿಲ್ಲ.

೫ ಏಪ್ರಿಲ್, ಸೋಮವಾರ, ಸಂಜೆ

ಹೊಸ ರಿಪೋರ್ಟ್ ಬಂತು. ಸೋಡಿಯಂ ಹತ್ತಿರ ಹತ್ತಿರ ಐದು, ಪೊಟ್ಯಾಸಿಯಂ ಒಂದೂವರೆ. ಉಳಿದ ಹದಿನಾರರ ಹಾಗೇ. "ಹದಿನೇಳೂ ಲೆಕ್ಕದಲ್ಲಿ ಇರ್ತಾವಮ್ಮ," ಅಂದರು ಸಾರ್. ಹೊಸ ಚೀಟಿ ಬರೆಯಲು ಹೇಳಿದರು. ನಾನು ಬರೆಯಲಿಲ್ಲ. ಪೆನ್ನನ್ನು ಮುನಿಯಪ್ಪನ ಮುಂದಿಟ್ಟೆ. ಅವನು ತಲೆ ತಗ್ಗಿಸಿ ಊರು ಬರೆದ, ತಾರೀಖು ಬರೆದ. ಆರಿಸಿದವರು ಅನ್ನುವಲ್ಲಿ ನಿಂತ.

"ಹೇಳಕ್ಕ, ಏನಂತ ಬರೀಲಿ?"

ಬೇಕೆಂದೇ ಕೇಳಿದ. ನಾನು ಹೇಳುವುದಿಲ್ಲ ಎಂದುಕೊಂಡಿದ್ದ.

ಸಣ್ಣತಿಮ್ಮಪ್ಪ, ಅಂದೆ. ಅವನು ಬರೆದ. ಮನೆಗೆ ಬಂದು ಅತ್ತೆಯ ಮುಂದೆಯೂ ಅದೇ ಹೆಸರು ಹೇಳಿದೆ.