ಚಿಲಕ ಯಾವ ಕಡೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 5.45

ಎದ್ದೆ. ಹಾಸಿಗೆ ಮಡಚಿಟ್ಟೆ. ಹಾಸಿಗೆ ಅಂದರೆ ಎರಡು ರಟ್ಟು, ಮೇಲೊಂದು ಕಂಬಳಿ. ವರ್ಕ್‌ಶಾಪಿನ ಅಟ್ಟದಲ್ಲಿ ಪ್ಲೈವುಡ್ ಪಕ್ಕ ಮಲಗೋದು. ಮೂಗಿನ ತುಂಬಾ ಅಂಟಿನ ವಾಸನೆ. ಸೂಪರ್‌ವೈಸರ್ ಬರೋದರೊಳಗೆ ಗುರುತು ಸಿಗದ ಹಾಗೆ ಎಲ್ಲ ಎತ್ತಿಡಬೇಕು.

ಇಪ್ಪತ್ತನೇ ತಾರೀಖು ಕೊನೆ. ಅಷ್ಟರಲ್ಲಿ ರೂಮ್ ಹಿಡಿದು, ಮನೆ ಓನರ್ ಸೈನ್ ಹಾಕಿದ ವಿಳಾಸದ ಫಾರಂ ವಲಸೆ ಆಫೀಸಿಗೆ ಕೊಡಬೇಕು. ಕೊಡದಿದ್ದರೆ ಈ ದೇಶದಲ್ಲಿ ಇರೋಕೆ ಬೇಕಾದ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದಿದ್ದರೆ ವಿಮಾನ ಹತ್ತಿಸಿ ವಾಪಸ್. ಬಂದು ಹತ್ತು ದಿನವೂ ಆಗಿಲ್ಲ... ಊರಿಗೆಲ್ಲ ಕೈ ಬೀಸಿ ಬಂದವನು ಯಾವ ಮುಖ ಹೊತ್ತು ಇಳಿಯಲಿ?

ಮಾರ್ಚ್ 5, ಬುಧವಾರ, ಊಟದ ಬಿಡುವು

ನಿನ್ನೆ ಎರಡು ರೂಮ್ ನೋಡಿದೆ. ಫೋನಿನಲ್ಲಿ “ಖಾಲಿ ಇದೆ, ಬಾ” ಅಂದವನು ಬಾಗಿಲು ತೆಗೆದು ನನ್ನ ಮುಖ ನೋಡಿದ, ಚಪ್ಪಲಿ ನೋಡಿದ. “ಈಗಷ್ಟೇ ಹೋಯ್ತು.” ಅವನ ಬೆನ್ನ ಹಿಂದೆಯೇ ಖಾಲಿ ಮಂಚ ಕಾಣುತ್ತಿತ್ತು.

ಎರಡನೆಯದು ನೆಲಮಾಳಿಗೆ. ಆರು ಜನ, ಒಂದು ಬಲ್ಬು. ಸೈನ್ ಕೇಳಿದ್ದಕ್ಕೆ ಓನರ್ ನಕ್ಕ. “ಪೇಪರ್ ಪ್ರಕಾರ ಈ ರೂಮೇ ಇಲ್ಲ. ನೀನೂ ಇರಲ್ಲ.”

ವರ್ಕ್‌ಶಾಪಿನಲ್ಲಿ ನಮ್ಮ ಭಾಷೆಯವನು ಅಂದರೆ ಟೇಪಣ್ಣ ಒಬ್ಬನೇ. ಸೊಂಟದಲ್ಲಿ ಸದಾ ಅಳತೆ ಟೇಪು, ಅದಕ್ಕೇ ಆ ಹೆಸರು. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೆಣ್ಣು ನೋಡೋಕೆ ಹೋಗಿ ಕಾಫಿ ಕುಡ್ಕೊಂಡು ವಾಪಸ್ ಬರೋ ಗಂಡಿನ ಕಥೆ ಆಯ್ತಲ್ಲೋ ನಿಂದು!”

“ಕಾಫೀನೂ ಕೊಡ್ಲಿಲ್ಲ ಅಣ್ಣಾ.”

ಮಾರ್ಚ್ 9, ಭಾನುವಾರ, ಮಧ್ಯಾಹ್ನ 3

ಸಿಕ್ತು!! ಟೇಪಣ್ಣನಿಗೆ ಗೊತ್ತಿರೋ ಹೊಲಿಗೆಯಮ್ಮನ ಮನೆ. ಕೆಳಗೆ ಮಷೀನು, ಬಟ್ಟೆ ಗುಡ್ಡೆ. ಮೇಲೆ ಒಂದೇ ರೂಮ್. ಅರವತ್ತು ದಾಟಿದ ಹೆಂಗಸು, ಮನೇಲಿ ಬೇರೆ ಯಾರೂ ಕಾಣಲಿಲ್ಲ, ನಗೋದೇ ಇಲ್ಲ. ತನ್ನ ಭಾಷೆಯಲ್ಲಿ ಫೋನಿಗೆ ಹೇಳುತ್ತಾಳೆ, ಫೋನು ನನಗೆ ಕನ್ನಡದಲ್ಲಿ ಹೇಳುತ್ತೆ. “ತಾವು ಪಾದರಕ್ಷೆಗಳನ್ನು ಹೊರಗೆ ತ್ಯಜಿಸತಕ್ಕದ್ದು.” ನಮ್ಮ ಹೆಡ್‌ಮಾಸ್ಟರ್ ಕೂಡ ಹೀಗೆ ಮಾತಾಡಿದವರಲ್ಲ.

ಸೈನ್ ಕೇಳಿದೆ. ಮೊದಲು ಇರು, ಆಮೇಲೆ ನೋಡೋಣ ಅಂದಳು. ಫಾರಂ ತುಂಬಬೇಕು ಅಂತ ಪಾಸ್‌ಪೋರ್ಟ್ ಇಸ್ಕೊಂಡಳು.

ಪೆಟ್ಟಿಗೆ ಇಳಿಸಿ ಬಾಗಿಲು ಹಾಕೋಕೆ ಹೋದೆ. ಒಳಗೆ ಚಿಲಕ ಇಲ್ಲ.

ಹೊರಗಿದೆ.

ಅದೇ ದಿನ, ಸಂಜೆ 5

ಮತ್ತೆ ನೋಡಿದೆ. ಬಾಗಿಲು ಓದೋಕೆ ಬರುತ್ತೆ ನನಗೆ, ಹತ್ತನೇ ವಯಸ್ಸಿಗೇ ಅಪ್ಪ ಉಳಿ ಹಿಡಿಸಿದ್ದಾನೆ. ಒಳಮೈಯಲ್ಲಿ ನಾಲ್ಕು ತೂತು, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದೆ. ಅಂದರೆ ಮೊದಲು ಒಳಗೇ ಒಂದು ಇತ್ತು. ಬೇಕಂತಲೇ ಕಿತ್ತಿದ್ದಾರೆ. ಹೊರಗಿರೋದು ಒಂಬತ್ತು ಇಂಚಿನ ಕಬ್ಬಿಣದ್ದು, ಹೋರಿ ಕಟ್ಟೋ ಕೊಟ್ಟಿಗೆಗೂ ಅಷ್ಟು ದಪ್ಪದ್ದು ಹಾಕಲ್ಲ.

ಇನ್ನೊಂದು. ಒಳಗಡೆ ಎದೆ ಮಟ್ಟದಲ್ಲಿ ಬಣ್ಣ ಸವೆದಿದೆ. ನನ್ನ ಅಂಗೈ ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಯಾರೋ ಒಳಗಿಂದ ಬಡಿದಿದ್ದಾರೆ... ಒಂದು ದಿನ ಅಲ್ಲ, ಎಷ್ಟೋ ದಿನ.

ಬಾಗಿಲು ಕೆಲಸ ಹಿಡಿದರೆ ಅಪ್ಪ ಟೇಪು ಬಿಚ್ಚೋ ಮೊದಲು ಮನೆಯವರನ್ನ ಕೇಳ್ತಿದ್ದ: “ಒಳಗೆ ಯಾರು ಮಲಗ್ತಾರೆ?” ಉತ್ತರ ಕೇಳಿದ ಮೇಲೇ ಚಿಲಕಕ್ಕೆ ಗುರುತು. ಮಕ್ಕಳಿದ್ದರೆ ಎತ್ತರಕ್ಕೆ. ಬಾಣಂತಿ ಇದ್ದರೆ ಸದ್ದು ಮಾಡದ್ದು. ಇಲ್ಲಿ ಯಾರು ಮಲಗ್ತಿದ್ದರೋ. ಎಲ್ಲಿ ಹೋದರೋ.

ಮಾರ್ಚ್ 12, ಬುಧವಾರ, ಬೆಳಿಗ್ಗೆ 6

ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಬಾಗಿಲ ಸಂದಿಗೆ ಬೂಟು ಸಿಕ್ಕಿಸಿ ಮಲಗ್ತೀನಿ. ಕೆಳಗೆ ಮಷೀನ್ ಸದ್ದು ನಿಂತರೆ ಎದ್ದು ಕೂರ್ತೀನಿ — ಮೇಲೆ ಬರ್ತಿದ್ದಾಳಾ? ಪಾಸ್‌ಪೋರ್ಟ್ ಕೇಳಿದೆ. ಕೊಡ್ತೀನಿ ಇರು ಅಂದಳು, ಅಷ್ಟೇ.

ಟೇಪಣ್ಣ: “ಸೈನ್ ಆಗೋವರೆಗೂ ತುಟಿ ಹೊಲ್ಕೊಂಡಿರು. ಮನೇಲೇ ಮಷೀನ್ ಇದೆಯಲ್ಲ.” ಇವನಿಗೆ ಎಲ್ಲ ತಮಾಷೆ.

ಅಮ್ಮ ಫೋನ್ ಮಾಡಿದ್ದಳು. “ಬಾಗಿಲು ಭದ್ರ ಇದೆಯೇನೋ ಮಗಾ?”

“ತುಂಬಾ ಭದ್ರ ಇದೆ ಅಮ್ಮಾ.”

ಸುಳ್ಳೇನಲ್ಲ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ 12.30

ಹೊಲಿಗೆಯಮ್ಮ ಬೆಳಿಗ್ಗೆಯೇ ಹೋದಳು, ಸಂಜೆ ಬರ್ತಾಳಂತೆ. ಇನ್ನು ತಡೆಯೋಕಾಗಲಿಲ್ಲ. ಹೊರಗಿನ ಚಿಲಕ ಬಿಚ್ಚಿ ಒಳಗೆ ಜಡಿದೆ. ಉದ್ದದ ಸ್ಕ್ರೂ ಹಾಕಿದ್ದೀನಿ, ಆನೆ ಗುದ್ದಿದರೂ ಬರಲ್ಲ. ಹೊರಗಿನ ತೂತಿಗೆ ಪುಟ್ಟಿ ತುಂಬಿ ಬಣ್ಣ ಒರೆಸಿದೆ. ಅವಳ ಕಣ್ಣಿಗೆ ಬೀಳೋದರೊಳಗೆ ಸೈನ್ ಆದರೆ ಸಾಕು.

ಎಳೆದು ನೋಡಿದೆ. ಟಕ್. ಎಂಥಾ ಸದ್ದು!

ಈಗ ಮಲಗ್ತೀನಿ.

ಮಾರ್ಚ್ 18, ಮಂಗಳವಾರ, ಸಂಜೆ 6

ಅಕ್ಷರ ನೆಟ್ಟಗೆ ಬರ್ತಿಲ್ಲ.

ಹನ್ನೊಂದಕ್ಕೆ ಟೇಪಣ್ಣನಿಗೆ ಹೊಲಿಗೆಯಮ್ಮನ ಫೋನ್. ಅವನ ಮುಖ ಬಿಳುಚಿತು. “ಡ್ರಿಲ್ ತಗೋ, ಗರಗಸ ತಗೋ. ಓಡು!”

ರಸ್ತೆಯಲ್ಲಿ ಜನ ಕತ್ತೆತ್ತಿ ನಿಂತಿದ್ದರು. ನನ್ನ ರೂಮಿನ ಕಿಟಕಿ ತೆರೆದಿತ್ತು. ಅದರಿಂದ ಒಂದು ಕಾಲು ಹೊರಗೆ. ಮುದುಕರ ಕಾಲು, ಬರಿಗಾಲು.

ಅವಳ ಗಂಡ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದವರನ್ನು ಬೆಳಿಗ್ಗೆ ತಾನೇ ಕರ್ಕೊಂಡು ಬಂದಿದ್ದಾಳೆ. ನೆನಪೆಲ್ಲ ಅಳಿಸಿಹೋಗಿದೆ. ಕೆಳಗೆ ಮಷೀನ್ ಪಕ್ಕ ಹಾಸಿಗೆ ಹಾಸುವಷ್ಟರಲ್ಲಿ ತಾತ ತಾವೇ ಮೆಟ್ಟಿಲು ಹತ್ತಿ ತಮ್ಮ ಹಳೇ ರೂಮಿಗೆ ಹೋಗಿ ಚಿಲಕ ಎಳೆದಿದ್ದಾರೆ. ಎಳೆಯೋದು ನೆನಪಿತ್ತು. ತೆಗೆಯೋದು ಮರೆತಿತ್ತು.

ಒಳಗಿಂದ ಬಡಿಯೋ ಸದ್ದು. ಅದೇ ಜಾಗ, ಎದೆ ಮಟ್ಟ. ಹೊರಗಿಂದ ಟೇಪಣ್ಣ ಭುಜ ಕೊಟ್ಟು ಗುದ್ದಿದ. ಅಲ್ಲಾಡಲಿಲ್ಲ. ನನ್ನದೇ ಸ್ಕ್ರೂ. ಬಡಿಯೋದು ನಿಂತಿತು, ಅಂದರೆ ತಾತ ಮತ್ತೆ ಕಿಟಕಿಗೆ ಹೋದರು. ಡ್ರಿಲ್ ಹಾಕಿ, ಹಲಗೆ ಕೊಯ್ದು, ಕೈ ತೂರಿಸಿ ಚಿಲಕ ತೆಗೆದೆ. ತಾತ ಎರಡನೇ ಕಾಲು ಎತ್ತುತ್ತಿದ್ದರು. ಸೊಂಟ ತಬ್ಬಿ ಹಿಂದಕ್ಕೆ ಬಿದ್ದೆ. ಕಡ್ಡಿಯಷ್ಟು ಹಗುರ. ನನ್ನ ಅಂಗಿ ಬಿಗಿಯಾಗಿ ಹಿಡ್ಕೊಂಡು ಗಡಗಡ ನಡುಗಿದರು. ನಾನೂ.

ಹೊಲಿಗೆಯಮ್ಮ ಫೋನಿಲ್ಲದೆ ಮಾತಾಡಿದಳು, ಟೇಪಣ್ಣ ಕನ್ನಡದಲ್ಲಿ ಹೇಳಿದ. ಹಿಂದೊಮ್ಮೆ ತಾತ ಮನೆ ಬಿಟ್ಟು ಹೋಗಿ ನಾಲ್ಕು ದಿನ ಸಿಕ್ಕಿರಲಿಲ್ಲವಂತೆ. ಅದಕ್ಕೇ ಒಳಗಿನದು ಕೀಳಿಸಿ ಹೊರಗೆ ಹಾಕಿಸಿದ್ದು.

“ಒಳಗೆ ಹಾಕಿದ್ದು ಯಾರು ಅಂತ ಕೇಳ್ತಿದ್ದಾಳೆ ಕಣೋ. ಏನಾದ್ರೂ ಸುಳ್ಳು ಹೇಳ್ಲಾ?”

“ಬೇಡಣ್ಣಾ. ನಾನೇ ಅನ್ನು.”

ಹೇಳಿದ. ಅವಳು ನನ್ನ ಕಡೆ ನೋಡಲೇ ಇಲ್ಲ.

ಅಪ್ಪ ಕೇಳ್ತಿದ್ದ ಆ ಒಂದು ಮಾತು ಕೇಳಿದ್ದರೆ... ನಾನೊಬ್ಬನೇ ಮಲಗೋದು ಅಂದುಕೊಂಡುಬಿಟ್ಟೆ.

ಮಾರ್ಚ್ 19, ಬುಧವಾರ, ಬೆಳಿಗ್ಗೆ 7

ಕೆಳಗೆ ಹೋದೆ. ತಾತ ಬಿಸ್ಕತ್ತು ತಿಂತಿದ್ದರು. ನನ್ನ ಕಂಡಿದ್ದೇ ತಟ್ಟೆ ಮರೆಮಾಡಿಕೊಂಡರು. ಯಾರು ಬಂದರೂ ಹೀಗೇ ಅಂತೆ. ನನಗೆ ಬಾಗಿಲ ಸಂದಿಗೆ ಸಿಕ್ಕಿಸಿದ ಬೂಟು ನೆನಪಾಯ್ತು.

ಮಷೀನ್ ಮೇಲೆ ಫಾರಂ, ಅದರ ಮೇಲೆ ಕತ್ತರಿ. ಪಕ್ಕದಲ್ಲೇ ಪಾಸ್‌ಪೋರ್ಟ್. ನನ್ನ ಹೆಸರು, ಅಪ್ಪನ ಹೆಸರು, ನಂಬರು, ಎಲ್ಲ ಮುತ್ತಿನ ಹಾಗೆ ಬರೆದಿದ್ದಾಳೆ. ನಿಜವಾಗಲೂ ತುಂಬುತ್ತಲೇ ಇದ್ದಳು. ಸೈನ್ ಜಾಗ ಮಾತ್ರ ಖಾಲಿ.

ಅವಳು ಚಿಲಕ ತಂದು ನನ್ನ ಕೈಗಿಟ್ಟಳು. ಫೋನು ಹೇಳಿತು: “ದ್ವಾರವನ್ನು ದುರಸ್ತಿಗೊಳಿಸಿ ಇದನ್ನು ಅಳವಡಿಸಿರಿ.”

ಯಾವ ಕಡೆ ಅನ್ನಲಿಲ್ಲ.

ಮಾರ್ಚ್ 20, ಗುರುವಾರ, ಬೆಳಿಗ್ಗೆ 8.10

ಹಲಗೆ ಕೂರಿಸಿದೆ, ಗೀರು ಕಾಣಲ್ಲ. ಹನ್ನೊಂದಕ್ಕೆ ಆಫೀಸ್. ಸೂಪರ್‌ವೈಸರ್ ಆಗಲೇ ಎರಡು ಸಲ ಫೋನ್ ಮಾಡಿದ. ಪೆಟ್ಟಿಗೆ ಕಟ್ಟಿಟ್ಟೆ, ಮತ್ತೆ ಬಿಚ್ಚಿದೆ, ಮತ್ತೆ ಕಟ್ಟಿದೆ.

ಕಿವಿ ಸಂದಿಯಲ್ಲಿ ಪೆನ್ಸಿಲ್, ಮಡಿಲಲ್ಲಿ ಚಿಲಕ. ಗುರುತು ಹಾಕಿಲ್ಲ. ಒಳಗೆ ಅಂದರೆ ರೂಮ್ ನನ್ನದು. ಹೊರಗೆ ಅಂದರೆ ತಾತನದು, ನಾನು ವಿಮಾನಕ್ಕೆ.

ಮಷೀನ್ ನಿಂತಿತು.

ಮೆಟ್ಟಿಲ ಮೇಲೆ ಹೆಜ್ಜೆ. ಒಬ್ಬರದಲ್ಲ, ಇಬ್ಬರದು. ನಿಧಾನ. ಅವಳ ಕೈಯಲ್ಲಿ ಪೇಪರ್ ಸರಪರ ಅನ್ನುತ್ತಿದೆಯಾ, ಇಲ್ಲಾ ತಾತನ ಹಾಸಿಗೆ ಬಟ್ಟೆಯಾ... ಗೊತ್ತಾಗ್ತಿಲ್ಲ. ಈ ಸಲ ಕೇಳೇ ಕೇಳ್ತೀನಿ. ಅವಳ ಭಾಷೆಗೆ ತಿರುಗಿಸೋಕೆ ಫೋನ್ ತೆಗೆದೆ. ಅಮ್ಮಾ, ಒಳಗೆ ಯಾರು ಮಲಗ್ತಾರೆ?